ಒಂಬತ್ತು ಬಾಗಿಲು

ಶೆಫೀಲ್ಡಿನ ಮೂರ್ ಮಾರ್ಕೆಟ್ಟಿನಲ್ಲಿ
ಎಡಕ್ಕೆ ಮೀನು, ಬಲಕ್ಕೆ ಪರದೆ ಬಟ್ಟೆ,
ನಡುವೆ ಆರಡಿ ಜಾಗ ನನ್ನದು.
ಒಡೆದ ಗಾಜು, ಉಬ್ಬಿದ ಬ್ಯಾಟರಿ,
ಬಿಯರಿನಲ್ಲಿ ಬಿದ್ದದ್ದು, ಬಸ್ಸಿನಡಿ ಸಿಕ್ಕದ್ದು,
ಎಲ್ಲಕ್ಕೂ ಇದೇ ಆಸ್ಪತ್ರೆ.

ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ
ಒಂದೊಂದೇ ಬಾಗಿಲು ಮುಚ್ಚಿಕೊಳ್ಳುವುದನ್ನು.
ಮೊದಲು ಹೋದದ್ದು ಬೆನ್ನ ಮುಚ್ಚಳ,
ಉಗುರಲ್ಲಿ ಮೀಟಿದರೆ ಟಕ್ಕನೆ ಬರುತ್ತಿತ್ತು.
ಆಮೇಲೆ ಇಯರ್‌ಫೋನಿನ ತೂತು.
ಆಮೇಲೆ ಹೆಬ್ಬೆರಳಿಗೆಂದೇ ಇದ್ದ ಗುಂಡನೆಯ ಗುಂಡಿ.
ಸಿಮ್ಮಿನ ಪುಟ್ಟ ತಟ್ಟೆಯೂ ಈಚೆಗೆ ಕಾಣೆ.
ಅದನ್ನೆಬ್ಬಿಸುವ ಸೂಜಿಗಳು ಬಿಸ್ಕತ್ತಿನ ಡಬ್ಬಿಯಲ್ಲಿ
ಮುನ್ನೂರೋ ನಾನೂರೋ ಉಳಿದಿವೆ;
ಯಾರ ಕಾಲಿನ ಮುಳ್ಳು ತೆಗೆಯಲಿ ಅವುಗಳಿಂದ?

ನಮ್ಮ ಗಲ್ಲಿಯ ಸೂಲಗಿತ್ತಿ ಸಣ್ಣವ್ವ
ಹುಟ್ಟಿದ ಕೂಸನ್ನು ಅಂಗೈಯಲ್ಲಿ ಮಗುಚಿ
ಎಣಿಸಿ ನೋಡುತ್ತಿದ್ದಳಂತೆ:
ಒಂಬತ್ತೂ ಬಾಗಿಲು ತೆರೆದಾವ, ಇನ್ನ ಅಳಲಿ.

ಮಂಗಳವಾರ ಕಂಪನಿಯ ಹುಡುಗ ಬಂದ, ಕ್ಯಾಲಮ್,
ಮುಂದಿನ ವರ್ಷದ್ದನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟುಕೊಂಡು.
ಬೀಗರಿಗೆ ಹೆಣ್ಣು ತೋರಿಸುವವರ ಮುಗುಳ್ನಗೆ.
"ಒಂದೂ ತೂತಿಲ್ಲ. ಒಂದೂ ಗುಂಡಿಯಿಲ್ಲ.
ವೈರಿಲ್ಲದೆ ಉಣ್ಣುತ್ತದೆ.
ಗಾಜಿನ ಕೆಳಗೇ ಕಣ್ಣು. ಮೂರು ಮಡಿಕೆ.
ನೀವು ಕೇಳುವ ಮೊದಲೇ ಉತ್ತರ ಬರೆದಿಟ್ಟಿರುತ್ತದೆ."

ತಿರುಗಿಸಿದೆ. ಮಗುಚಿದೆ. ಎಣಿಸಿದೆ.
ಸೊನ್ನೆ.
ನನ್ನ ಸ್ಕ್ರೂಡ್ರೈವರುಗಳು ಹೊಸಿಲು ಕಾಣದ ನೆಂಟರಂತೆ
ಸಾಲಾಗಿ ನಿಂತಿದ್ದವು.
"ಎಲ್ಲಿಂದ ಅಳುತ್ತದೆ ಇದು?" ಅಂದೆ.
"ಪರದೆಯೇ ನಡುಗಿ ದನಿ ಕೊಡುತ್ತೆ," ಎಂದ, ಹೆಮ್ಮೆಯಿಂದ.

ಆಗ ಸ್ಟೂಲಿನ ಮೇಲೆ ಓಲರೆನ್‌ಶಾ ಇದ್ದರು, ಚಹಾ ಹಿಡಿದು.
ಐವತ್ತೊಂದು ವರ್ಷ ಮಡಚುವ ಚಾಕು ಮಾಡಿದವರು.
ಸಾಣೆಕಲ್ಲು ಬೆರಳ ತುದಿಯ ಗೆರೆಗಳನ್ನೆಲ್ಲ ತಿಂದುಬಿಟ್ಟಿದೆ;
ಯಾವ ಫೋನಿಗೆ ಬೆರಳೊತ್ತಿದರೂ
ನೀನಲ್ಲ, ನೀನಲ್ಲ, ಎನ್ನುತ್ತದೆ.

"ಕೊಡು ಇಲ್ಲಿ, ಲವ್."
ಕಿವಿಗೆ ಹಿಡಿದು ಬಿಚ್ಚಿದರು, ಮಡಚಿದರು, ಬಿಚ್ಚಿದರು.
"ಒಳ್ಳೆ ಚಾಕು ಮುಚ್ಚುವಾಗ ಮಾತಾಡತ್ತೆ.
ಇದು ಮೂಕು."
"ಎರಡು ಲಕ್ಷ ಸಲ ಮಡಚಿ ನೋಡಿದ್ದೇವೆ, ಸರ್."
"ಮಡಚಿದ್ದು ಯಂತ್ರ. ಕೇಳಿದ್ದು ಯಾರು?"
ಮತ್ತೆ ಬಿಚ್ಚಿದರು. ಕಣ್ಣು ಮುಚ್ಚಿದರು.
"ತಾಳು. ಎಡಗಡೆ ಕೀಲು ಏನೋ ಪಿಸುಗುಡ್ತಿದೆ.
ಮಳೆಗಾಲ ದಾಟಲ್ಲ ಇದು."
ಈ ಊರಲ್ಲಿ ಮಳೆಗಾಲವಲ್ಲದ್ದು ಯಾವುದು, ಕೇಳಲಿಲ್ಲ ನಾನು.

ಕ್ಯಾಲಮ್ ಟಿಪ್ಪಣಿ ಬರೆಯಹೋದ.
ಫೋನು ಆಗಲೇ ಬರೆದು ಮುಗಿಸಿತ್ತು:
ಗ್ರಾಹಕರಿಗೆ ಬಹಳ ಇಷ್ಟವಾಯಿತು.

ಅವನು ಹೋದ ಮೇಲೆ ಓಲರೆನ್‌ಶಾ
ಜೇಬಿನಿಂದ ತಮ್ಮದೇ ಹಳೆಯ ಫೋನು ತೆಗೆದರು.
ಜೊತೆಗೆ ಕರವಸ್ತ್ರದಲ್ಲಿ ಸುತ್ತಿದ ಮುತ್ತಿನ ಚಿಪ್ಪಿನ ಚೂರು,
ಅವರೇ ದುಂಡಗೆ ಉಜ್ಜಿದ್ದು,
ಯಾವುದೋ ಚಾಕುವಿನ ಹಿಡಿಯಲ್ಲಿ ಮಿಕ್ಕಿದ್ದು.
"ಗುಂಡಿ ಇರಬೇಕಾದಲ್ಲಿ ಅಂಟಿಸು."
"ಅದೇನೂ ಕೆಲಸ ಮಾಡಲ್ಲವಲ್ಲ?"
"ನನಗೆ ಗೊತ್ತು. ಹೆಬ್ಬೆರಳಿಗೆ ಹೇಳಬೇಡ."

ಸಿಮ್ಮಿನ ಸೂಜಿಯ ತುದಿಯಲ್ಲಿ ಒಂದು ಹನಿ ಗೋಂದು.
ಉಸಿರು ಬಿಗಿಹಿಡಿದು ಕೂರಿಸಿದೆ,
ಮೂಗುತಿ ಇಡುವ ಅಕ್ಕಸಾಲಿಗನ ಹಾಗೆ.
ಪಕ್ಕದಲ್ಲಿ ಮೀನಿನ ಡೋರೀನ್
ಉಳಿದ ಐಸನ್ನು ಬಾಚಿ ಚರಂಡಿಗೆ ನೂಕುತ್ತಿದ್ದಳು.

ಒಣಗುವಷ್ಟು ಹೊತ್ತು ಕಾದು
ಅವರು ಹೆಬ್ಬೆರಳಿಟ್ಟರು.
ಎತ್ತಿದ್ದಕ್ಕೋ ಒತ್ತಿದ್ದಕ್ಕೋ
ಬೆಳಕು ಬಂತು. ಸಂಖ್ಯೆ ಕೇಳಿತು,
ಎಂದಿನಂತೆ. ಮೆಲ್ಲಗೆ ಒತ್ತಿದರು, ನಾಲ್ಕಂಕೆ.

"ಎಷ್ಟಾಯ್ತು?"
"ಗೋಂದಿಗೆ ಒಂದು ಪೌಂಡು."
ನಾಣ್ಯವನ್ನು ಮೇಜಿನ ಮೇಲೆ ಇಟ್ಟರು,
ಅದು ಸದ್ದು ಮಾಡಿತು.