ಯಾರೂ ಅಲ್ಲದವನ ಮನೆ

ಲಿಯೆಪಾಯದ ಸಂಗೀತ ಶಾಲೆಯಲ್ಲಿ
ಮೇಲ್ ಸರ್ವರ್ ಇರುವುದು ಮೆಟ್ಟಿಲ ಕೆಳಗೆ,
ಒಡೆದ ಚೆಲ್ಲೋ ಪೆಟ್ಟಿಗೆಗಳ ಪಕ್ಕ.
ಅದರ ವೈದ್ಯ, ಕಾವಲುಗಾರ, ಎರಡೂ ನಾನೇ.
ವಾರಕ್ಕೆ ಎರಡು ದಿನದ ಸಂಬಳ.

ಮಂಗಳವಾರ ಕಚೇರಿಯ ವೆಲ್ಟಾ ಬಂದಳು:
"ನೀನು ಹೇಳಿಕೊಟ್ಟ ಹಾಗೇ ಬರೆದಿದ್ದೇನೆ, ನೋಡು."
ಅವಳ ಬಿಳಿಪಟ್ಟಿಯಲ್ಲಿ ಅಣ್ಣನ ವಿಳಾಸ ಇದೆ.
ಆದರೂ ಅಣ್ಣನ ಪತ್ರ ದಿನಾ ಬೀಳುವುದು ಕಸದಲ್ಲಿ.

ತಾಲಿಸ್ ಸರಕು ಹಡಗಿನ ಅಡುಗೆಯವನು.
ಅಲ್ಲಿಯ ಕೀಲಿಮಣೆಯಲ್ಲಿ ಒಂದು ಗುಂಡಿ ಸಿಕ್ಕಿಕೊಂಡು
ಬರೆದದ್ದೆಲ್ಲ ದೊಡ್ಡಕ್ಷರ.
ಹಲ್ಲುನೋವು ಕಿರುಚುತ್ತದೆ,
ಆಲೂಗಡ್ಡೆ ಮುಗಿದದ್ದು ಕಿರುಚುತ್ತದೆ,
"ಹುಟ್ಟುಹಬ್ಬ ಅಲ್ಲವೇ ಪುಟ್ಟಿ" ಎನ್ನುವುದೂ.
ಜರಡಿಗೆ ಕಿವಿಯಿಲ್ಲ, ಲೆಕ್ಕ ಇದೆ:
ಕಿರುಚಿದ್ದಕ್ಕೆ ಒಂದೂವರೆ, ಪುಕ್ಕಟೆ ವಿಳಾಸಕ್ಕೆ ಅರ್ಧ,
ಕೆಟ್ಟ ಹೆಸರಿನ ದಾರಿ ಹಿಡಿದು ಬಂದದ್ದಕ್ಕೆ
ಮೂರೂಮುಕ್ಕಾಲು.
ಐದು ದಾಟಿದರೆ ಕಸ.
ಬಿಳಿಪಟ್ಟಿ ಎಂದರೆ ನೂರು ಅಂಕದ ಮಾಫಿ.
ಒಬ್ಬ ಅಣ್ಣನಿಗೆ ಅಷ್ಟು ಸಾಕು.

ಮೊದಲು ಕಾಗುಣಿತ ನೋಡಿದೆ. ಸರಿ ಇದೆ.
ಸಾಲಿನ ಕೊನೆಗೆ ಕಾಣದ ಖಾಲಿ ಜಾಗ? ಇಲ್ಲ.
ಲಕೋಟೆಯ ಮೇಲಿನ ಹೆಸರು, ಒಳಗಿನ ಹೆಸರು,
ಎರಡೂ ಅವನದೇ.
ವೆಲ್ಟಾಳ ಹೆಸರಲ್ಲಿ ಕೈಯಾರೆ ಓಡಿಸಿದರೆ
ಮೈನಸ್ ತೊಂಬತ್ತನಾಲ್ಕೂ ಕಾಲು, ಬಂಗಾರದಂಥ ಮನುಷ್ಯ.
ತಾನಾಗಿ ಬಂದರೆ ಮತ್ತೆ ಕಸ.

ರಾತ್ರಿ ಒಂಬತ್ತು. ಮೇಲಿನ ಕೋಣೆಯಲ್ಲಿ ಯಾರೋ
ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತ
ತಪ್ಪಿದಲ್ಲೇ ತಪ್ಪುತ್ತಿದ್ದರು.
ಲಾಗಿನ ಸಾಲುಗಳ ಮೇಲೆ ಬೆರಳಿಟ್ಟು ಇಳಿದೆ.
ಅಲ್ಲಿ ಕಂಡಿತು:
ಬಳಕೆದಾರ, ನೋಬಡಿ.

ಬಂದ ಪ್ರತಿ ಪತ್ರವನ್ನೂ
ಯಾರೂ ಅಲ್ಲದವನಾಗಿ ತೂಗುತ್ತಿತ್ತು ಯಂತ್ರ.
ಇದು ಹಿಂದಿನವರ ಜಾಣತನ:
ಊರ ಬಾಗಿಲು ಕಾಯುವವನ ಸೊಂಟದಲ್ಲಿ
ಯಾವ ಮನೆಯ ಬೀಗದ ಕೈಯೂ ಇರಬಾರದೆಂದು.
ಆದರೆ ಯಾರೂ ಅಲ್ಲದವನಿಗೆ ಮನೆಯಿಲ್ಲ,
ಮನೆಯಿಲ್ಲದ ಮೇಲೆ ಪಟ್ಟಿ ಎಲ್ಲಿಂದ,
ಅಣ್ಣ ಎಲ್ಲಿಂದ.
ವೆಲ್ಟಾ ಬರೆದಿಟ್ಟದ್ದು ಬರೆದಿಟ್ಟಲ್ಲೇ ಇತ್ತು.
ಓದಬೇಕಾದವನು
ಇಲ್ಲದ ಮನೆಯ ಕದ ತಟ್ಟುತ್ತಿದ್ದ.

ಯಾರಿಗೆ ಬಂತೋ ಅವರಾಗಿ ಓದು,
ಎಂದು ಒಂದು ಸಾಲು ತಿದ್ದಿದೆ.
ನಾಲ್ಕು ತಾಸಿಗೆ ಒಂದು ಸಾಲು.

ಸರಿಯಾಯಿತೇ ಎಂದು ನೋಡಲು
ಅವಳ ಪಟ್ಟಿಯನ್ನು ಪೂರ್ತಿ ತೆರೆಯಬೇಕಾಯಿತು.
ಏಳು ಹೆಸರು: ದಂತವೈದ್ಯೆ, ಪಿಯಾನೋ ಶ್ರುತಿ ಮಾಡುವವ,
ಟುಲಿಪ್ ಗಡ್ಡೆಯ ಅಂಗಡಿ, ತಾಲಿಸ್…
ಆರನೆಯದರ ಮುಂದೆ ಒಂದು ಹ್ಯಾಷ್ ಗುರುತು.
ಹ್ಯಾಷ್ ಇಟ್ಟ ಸಾಲನ್ನು ಯಂತ್ರ ಓದುವುದಿಲ್ಲ.
ಅಳಿಸಿದ್ದಲ್ಲ, ಕರೆದದ್ದೂ ಅಲ್ಲ,
ಹಾಕಿದ ಮಣೆಯನ್ನು ಎತ್ತಿ
ಗೋಡೆಗೆ ಒರಗಿಸಿಟ್ಟ ಹಾಗೆ.
ಆ ಹೆಸರಿನವರು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ.
ಕಡತ ಮುಚ್ಚಿ, ಅವಳೊಬ್ಬಳೇ ತೆರೆಯುವಂತೆ ಬೀಗ ಬಿಗಿದೆ.
ಆ ಬೀಗ ನನ್ನನ್ನು ತಡೆಯುವುದಿಲ್ಲ.
ಅದು ಬೇರೆ ಮಾತು.

ಬುಧವಾರ ಹನ್ನೊಂದಕ್ಕೆ ತಾಲಿಸ್ ಮುಂಬಾಗಿಲಿಂದಲೇ ಬಂದ,
ಸಕ್ಕರೆ ಮುಗಿಯಿತು ಎಂದು ಕಿರುಚುತ್ತ.
ವೆಲ್ಟಾ ನಿಂತೇ ಓದಿದಳು.
ತಿಂಗಳು ದಾಟಿದ ಹಳೆಯ ಪತ್ರಗಳು
ಕಸದಿಂದಲೂ ತಾವಾಗಿ ಅಳಿದುಹೋಗಿದ್ದವು.
ಅವು ಎಷ್ಟೆಂದು ಅವಳು ಕೇಳಲಿಲ್ಲ.
"ಆ ಗುಂಡಿ ರಿಪೇರಿ ಮಾಡಿಸಲು ಹೇಳು," ಅಂದೆ.
"ಬೇಡ. ಮನೆಯಲ್ಲಿದ್ದಾಗಲೂ ಅವನ ದನಿ ಹಾಗೇ."
ಕುರ್ಚಿ ಎಳೆದುಕೊಂಡು
ತಾನೂ ದೊಡ್ಡಕ್ಷರದಲ್ಲೇ ಉತ್ತರ ಬರೆದಳು.

ಆ ಹಡಗಿನ ಜರಡಿಯ ಹಿಂದೆ
ಯಾರು ಕೂತಿದ್ದಾರೋ.