ಹುಳದ ರೊಟ್ಟಿ

ಮೊದಲ ಸಲ ಕಂಡಾಗ ಹೊಗೆ ಅಂದುಕೊಂಡಿದ್ದೆ.
ಮಲಾವಿ ಸರೋವರದ ನಟ್ಟನಡುವೆ
ಬೆಂಕಿಯಿಲ್ಲದ ಹೊಗೆ. ಕಂಬದಂತೆದ್ದು, ಸೊಂಟ ಬಾಗಿಸಿ,
ದಡದತ್ತ ನಡೆದು ಬರುತ್ತಿತ್ತು.
'ಬಾಯಿ ಮುಚ್ಚಿಕೊ' ಅಂದಳು ನ್ಯಾಮೋನೆ,
ತಾನು ಮಾತ್ರ ನೀರು ಸವರಿದ ಬಾಣಲೆ ಬೀಸುತ್ತ
ಅದಕ್ಕೆದುರಾಗಿ ಓಡಿದಳು,
ಅರವತ್ತೆಂಟರ ಮೊಣಕಾಲನ್ನು ಮರೆತು.

ಹುಳ.
ಸೊಳ್ಳೆಯ ಬಡ ದಾಯಾದಿ, ಕಚ್ಚಲು ಬಾರದ್ದು.
ಅಮಾವಾಸ್ಯೆ ನೋಡಿ ನೀರು ಬಿಟ್ಟೆದ್ದು
ಒಂದೇ ದಿನಕ್ಕೆ ಮದುವೆ, ಬಸಿರು, ಸಾವು.
ಬಾಣಲೆಗೆ ಅಂಟಿದ್ದನ್ನು ಬಳಿದು, ತಟ್ಟಿ,
ಅಂಗೈಯಗಲದ ಕಪ್ಪು ರೊಟ್ಟಿ ಮಾಡಿ
ಬಿಸಿಬಂಡೆಯ ಮೇಲೆ ಒಣಗಿಸಿದಳು.

ನನ್ನ ಕೆಲಸ ಇಷ್ಟೇ:
ಪ್ರತಿ ಮಂಗಳವಾರ ದೋಣಿಯಲ್ಲಿ ಹೋಗಿ
ಹಗ್ಗಕ್ಕೆ ಕಟ್ಟಿದ ಬಿಳಿತಟ್ಟೆ ಇಳಿಬಿಟ್ಟು
ಎಲ್ಲಿ ಮರೆಯಾಯಿತೋ ಅಲ್ಲಿ ಗಂಟು ಹಿಡಿದು
ವಹಿಯಲ್ಲಿ ಬರೆಯುವುದು.
ಹದಿನೆಂಟು ಮೀಟರು. ಹದಿನೇಳು. ಆಗಸ್ಟಿನಲ್ಲಿ ಹನ್ನೊಂದು.

ಅಲ್ಲಿಯ ತನಕ ಬೆಳಕಿನ ಸೀಮೆ.
ಬೇರಿಲ್ಲದ, ಬದುವಿಲ್ಲದ ಹೊಲವೊಂದು ಅಲ್ಲಿ ತೇಲುತ್ತದೆ,
ಕಾಳಿಗಿಂತ ಸಣ್ಣ ಹಸಿರು, ಬಿಸಿಲುಂಡು
ಮೈ ಸೀಳಿ ಎರಡಾಗುವುದು.
ಅದನ್ನು ಮೇಯಲು ಒಕ್ಕಣ್ಣಿನ ಚುಕ್ಕೆಗಳು ರಾತ್ರಿ ಮೇಲೇರುತ್ತವೆ,
ಕಳ್ಳರ ಹಿಂದೆ ಕಳ್ಳರಂತೆ
ಗಾಜಿನ ಮೈಯ ಮರಿಹುಳುಗಳು,
ಅವುಗಳ ಹಿಂದೆ ಬೆಳ್ಳಿಯ ಉಸಿಪಾ ಮೀನು,
ಅದರ ಹಿಂದೆ ದೀಪ ಹೊತ್ತ ನಮ್ಮ ದೋಣಿ.

ಕೆಳಗೆ, ಇನ್ನೂರೈವತ್ತು ಮೀಟರಿನಾಚೆ,
ನೀರಿಗೆ ಉಸಿರಿಲ್ಲ.
ಮೀನಿನ ಮೂಳೆ, ಹುಳದ ಪೊರೆ,
ಹೊಳೆ ಕದ್ದು ತಂದ ಯಾರದೋ ಗುಡ್ಡದ ಮಣ್ಣು
ಎಲ್ಲ ಇಳಿದಿಳಿದು ಅಲ್ಲಿ ಸೇರುತ್ತದೆ.
ಉಗ್ರಾಣ ತುಂಬಿದೆ, ಉಣ್ಣುವವರಿಲ್ಲ.
ಬೀಗದ ಕೈ ಇರುವುದು ಗಾಳಿಯ ಸೊಂಟದಲ್ಲಿ:
ತೆಂಕಣದ ಮ್ವೇರಾ ಬೀಸಿ ನೀರನ್ನು ಕಲಕಿದಾಗ
ತಣ್ಣನೆಯ ಸಾರ ಒಂದಿಷ್ಟು ಮೇಲೆದ್ದು
ಹಸಿರಿನ ಬಾಯಿಗೆ ಬೀಳುತ್ತದೆ,
ನನ್ನ ತಟ್ಟೆ ಬೇಗ ಮಾಯವಾಗುತ್ತದೆ.

ಇದನ್ನೆಲ್ಲ ನಾನು ಶಾಲೆಯ ಹಲಗೆಯ ಮೇಲೆ
ಬಾಣ ಬಾಣ ಹಾಕಿ ಬರೆದಿದ್ದೆ.
ಮುಂದಿನ ಸಾಲಿನಲ್ಲಿದ್ದ ಲುಸುಂಗು ಹೊರಗೆ ಹೋಗಿ ಬಂದು
ಕಿವಿಯಲ್ಲಿ ಹೇಳಿದಳು: ಉಚ್ಚೆ ಕೆಂಪಾಗಿದೆ.

ಆಸ್ಪತ್ರೆಯಲ್ಲಿ ಗೆರೆ ಹಾಕಿದ ಕೋಲಿಗೆ ಅವಳನ್ನು ಆನಿಸಿ
ಎತ್ತರ ನೋಡಿ ಮಾತ್ರೆ ಎಣಿಸಿದರು.
(ನಾನು ಆಳವನ್ನು ಅಳೆಯುವವ. ತಲೆತಗ್ಗಿಸಿದೆ.)
ದಡದ ಮರಳಿನ ಬಸವನಹುಳುವಿನಿಂದ
ಚರ್ಮಕ್ಕೆ ಹೊಕ್ಕದ್ದಂತೆ ಅದು.
ಬಸವನಹುಳು ಯಾಕೆ ಹೆಚ್ಚಿತು?
ಗಂಟಲಲ್ಲೂ ಹಲ್ಲಿದ್ದು ಚಿಪ್ಪು ಅರೆದು ತಿನ್ನುವ ಮೀನು
ಕಡಿಮೆಯಾಯಿತು.
ಮೀನು ಯಾಕೆ ಕಡಿಮೆಯಾಯಿತು?

ನ್ಯಾಮೋನೆ ಉತ್ತರಿಸಲು ಆತುರಪಡಲಿಲ್ಲ.
ಮೊಮ್ಮಗಳ ತಲೆ ಬಾಚಿ, ಜಡೆ ಹೆಣೆದು, ಕೊನೆಗೆ ಅಂದಳು:
'ಸೊಳ್ಳೆಗೆಂದು ಸರಕಾರ ಕೊಟ್ಟ ಪರದೆ.
ಆರನ್ನು ಸೇರಿಸಿ ಬಲೆ ಹೊಲಿದ ಸೂಜಿ ನನ್ನದು.
ಮರಿಯನ್ನೂ ಬಿಡಲಿಲ್ಲ ಅದು.
ಆ ವರ್ಷ ಹಸಿವಿತ್ತು.'
ನನ್ನ ಬಾಣಗಳಲ್ಲಿ ಸೂಜಿಗೆ ಜಾಗವಿರಲಿಲ್ಲ.

ಮಾತ್ರೆಯ ಕಹಿ ಹೋಗಲೆಂದು
ಹುಳದ ರೊಟ್ಟಿ ಮುರಿದು ಮಗುವಿಗೆ ಕೊಟ್ಟಳು,
ಉಳಿದದ್ದು ನನಗೆ.
ಮಣ್ಣಿನ, ಮೀನಿನ, ಸುಟ್ಟ ಕಡಲೆಯ ರುಚಿ.
ಯಾವ ವರ್ಷದ ಗಾಳಿ ಎತ್ತಿಕೊಟ್ಟ ಮೂಳೆಯೋ
ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತು.

ಈಗ ಲುಸುಂಗು ನೀರಿಗಿಳಿಯುವುದಿಲ್ಲ.
ಬಂಡೆಯ ಮೇಲೆ ಕಾಲು ಮಡಚಿ ಕೂತು
ಕೆಳಗಿನ ಮರಳಿನ ಬಸವನಹುಳು ಎಣಿಸಿ
ಕೂಗಿ ಹೇಳುತ್ತಾಳೆ, ದೋಣಿಯ ತನಕ ಕೇಳುವಂತೆ.
ವಹಿಯಲ್ಲಿ ಅದಕ್ಕೆ ಮನೆಯಿಲ್ಲ.
ಅಂಚಿನಲ್ಲಿ ಬರೆದುಕೊಂಡೆ: ನಲವತ್ತೊಂದು.
ಆ ದಿನ ನೀರು ಬಹಳ ತಿಳಿಯಾಗಿತ್ತು.