ಕೊಟೇಷನ್ನಿಗೆ ಬಾರದ್ದು

ಸದ್ಯಕ್ಕೆ ಅದೊಂದು ಗುಂಡಿ.
ತಲಘಟ್ಟಪುರದ ನಮ್ಮ ಹಿತ್ತಿಲಲ್ಲಿ
ಇಪ್ಪತ್ತೆಂಟು ಅಡಿ ಉದ್ದ, ಹದಿಮೂರು ಅಗಲ,
ಪಕ್ಕದಲ್ಲಿ ಕೆಮ್ಮಣ್ಣಿನ ದಿಬ್ಬ,
ದಿಬ್ಬದಿಂದ ಹೊರಚಾಚಿದ ನುಗ್ಗೆಯ ಬೇರಿಗೆ
ಮೇಸ್ತ್ರಿ ತಿಪ್ಪೇರುದ್ರನ ಅಂಗಿ.

ಇಮ್ತಿಯಾಜ್ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹಾಳೆ ಹರಡಿ
ನಾಲ್ಕು ಮೂಲೆಗೆ ನಾಲ್ಕು ಜಲ್ಲಿಕಲ್ಲು ಇಟ್ಟ.
ಒಂದು ಎಚ್‌ಪಿ ಪಂಪು, ಮರಳಿನ ಫಿಲ್ಟರು,
ಎಲೆ ಬಾಚಲು ಸ್ಕಿಮ್ಮರು ಎರಡು,
"ಉಪ್ಪಿಂದಾನೇ ಕ್ಲೋರಿನ್ ಮಾಡೋ ಮಿಷಿನ್ ಇದೆ ಮೇಡಂ,
ಕಣ್ಣು ಉರಿಯಲ್ಲ."
ಉಪ್ಪು ಎಷ್ಟು?
"ಮೊದಲ ಸಲಕ್ಕೆ ಮೂರು ಮೂಟೆ."
ಮೂವತ್ತು ವರ್ಷ ಉಪ್ಪಿನಕಾಯಿ ಹಾಕಿ ಮಾರಿದವಳು ನಾನು,
ಆ ದುಡ್ಡಲ್ಲೇ ತೋಡಿಸಿದ ಗುಂಡಿ ಇದು.
ಮೂರು ಮೂಟೆಗೆ ಎಷ್ಟು ಸಾವಿರ ಮಿಡಿ ಎಂದು
ಮನಸ್ಸು ಆಗಲೇ ತೂಗುತ್ತಿತ್ತು.

ಇವರಿಗೆ ಸಿಂಹದ ಬಾಯಿಂದ ನೀರು ಬೀಳಬೇಕು.
ಫೋನು ಒತ್ತಿದರೆ ನೀರೊಳಗಿನ ದೀಪ ನೇರಳೆಯಾಗಬೇಕು,
ಬೆನ್ನಿಗೆ ಬಡಿಯಲು ಜೆಟ್ಟು, ನಾಲ್ಕಿದ್ದರೆ ಒಳ್ಳೆಯದು.
ಎದುರುಮನೆಯ ಫಿಲೋಮಿನಾ ಕಾಂಪೌಂಡಿನ ಮೇಲಿಂದ ಇಣುಕಿ,
"ನಲವತ್ತು ಸಾವಿರ ಲೀಟರಾ!
ಆ ಬೇಸಿಗೆ ಬಕೆಟ್ ಹಿಡ್ಕೊಂಡು
ಟ್ಯಾಂಕರ್ ಹಿಂದೆ ಓಡಿದ್ದು ಮರೆತ್ಯಾ?"

ಮರೆತಿಲ್ಲ.
ಚಾವಣಿಯ ಮಳೆ ಇಳಿಯಲು ಒಂದು ಪೈಪು,
ಆವಿಯಾಗದ ಹಾಗೆ ಮೇಲೊಂದು ಹೊದಿಕೆ,
ಈ ಎರಡು ಸಾಲು ಪಟ್ಟಿಗೆ ನಾನೇ ಸೇರಿಸಿದ್ದು.
ಫಿಲೋಮಿನಾಗೆ ಅದು ಉತ್ತರವಲ್ಲ,
ನಿಜ ಹೇಳಬೇಕೆಂದರೆ ನನಗೂ ಅಲ್ಲ.

"ಆಳ ಎಷ್ಟಮ್ಮ?" ಗುಂಡಿಯೊಳಗಿಂದ ತಿಪ್ಪೇರುದ್ರ.
"ಆರಡಿ!" ಮನೆಯೊಳಗಿಂದ ಇವರು.

ನಾನು ನೆರಿಗೆ ಎತ್ತಿ ಕಟ್ಟಿ ಏಣಿ ಇಳಿದೆ,
ಆಪರೇಷನ್ ಆದ ಮಂಡಿಯನ್ನು ಕೊನೆಗೆ ಇಳಿಸಿದೆ.
ಒಣ ನೆಲದಲ್ಲಿ ನಿಂತು
ಇಲ್ಲದ ನೀರನ್ನು ಪಾದಕ್ಕೆ, ಮೀನಖಂಡಕ್ಕೆ,
ಸೊಂಟಕ್ಕೆ ಏರಿಸಿಕೊಂಡೆ.
ಎದೆಯ ಹತ್ತಿರ ಬಂದಾಗ
ಉಸಿರು ತಾನಾಗಿ ಗಿಡ್ಡವಾಯಿತು.
ಇಲ್ಲಿಗೆ, ಎಂದೆ.
ಅವನು ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದ.

ದೊಡ್ಡಕಲ್ಲಸಂದ್ರದಲ್ಲಿ ಆಗ ತೋಟವಿತ್ತು,
ತೋಟದಲ್ಲಿ ಮೆಟ್ಟಿಲಿದ್ದ ಬಾವಿ.
ಅಣ್ಣಂದಿರು ಮೂವರೂ ಒಣ ಸೋರೆಬುರುಡೆ ಕಟ್ಟಿಕೊಂಡು
ಅಪ್ಪನ ಬೈಗುಳದ ಜೊತೆಗೇ ಧುಮುಕಿ ಕಲಿತರು.
ನನಗೆ ಮೇಲೆ ನಿಲ್ಲುವ ಕೆಲಸ:
ಮೂರು ಟವೆಲು, ಮೂರು ಅಂಗಿ, ಅಪ್ಪನ ವಾಚು.
ಯಾರು ಬಿದ್ದರೆ ಯಾವ ಸದ್ದು
ಕಣ್ಣು ಮುಚ್ಚಿ ಹೇಳುತ್ತಿದ್ದೆ,
ದೊಡ್ಡಣ್ಣ ದಬ್, ಶ್ರೀಪಾದ ಚಳಕ್.
ನನ್ನ ಸದ್ದು ಯಾವುದೋ
ಐವತ್ತೊಂಬತ್ತಾದರೂ ಗೊತ್ತಿಲ್ಲ.

ಹಾಗಾಗಿ ಬರೆದುಕೋ ಇಮ್ತಿಯಾಜ್:
ಮೆಟ್ಟಿಲು ಅರ್ಧ ಅಡಿಗಿಂತ ಎತ್ತರ ಬೇಡ,
ಎರಡೂ ಕಡೆ ಸ್ಟೀಲಿನ ಹಿಡಿ,
ಜಾರದ ಟೈಲ್ಸು, ಬಣ್ಣ ನಿನ್ನಿಷ್ಟ.
ಸಿಂಹ ಇರಲಿ ಪಾಪ, ಆರಡಿ ಬೇಡ.
ಜೆಟ್ಟು ಎರಡು ಸಾಕು,
ಆ ದುಡ್ಡಿಗೆ ಸುತ್ತ ಬೇಲಿ ಹಾಕು, ಬಾಗಿಲಿಗೆ ಬೀಗ.
ಬೀದಿಯ ಮಕ್ಕಳು ನುಗ್ಗೆಕಾಯಿಗೆ ಗೋಡೆ ಹಾರುತ್ತಾರೆ.

ಅವನು ಪೆನ್ನಿನ ಮುಚ್ಚಳ ಹಾಕುತ್ತ, "ಇನ್ನೇನಾದ್ರೂ?"
ಗೋಡೆಗೊಂದು ಮೊಳೆ.
"ಮೊಳೇನಾ?"
ಟವೆಲಿಗೆ. ಯಾರೂ ಹಿಡಿದುಕೊಂಡು ನಿಲ್ಲಬಾರದು.
"ಅದು ಕೊಟೇಷನ್ನಿಗೆ ಬರಲ್ಲ ಮೇಡಂ."

ತಿಪ್ಪೇರುದ್ರ ಏಣಿ ಹತ್ತಿ ಬಂದ,
ಬಾಯಲ್ಲಿ ಮೊಳೆ ಕಚ್ಚಿಕೊಂಡೇ
ಎಷ್ಟು ಎತ್ತರ ಎಂದು ಹುಬ್ಬಿನಲ್ಲಿ ಕೇಳಿದ.
ನಾನು ಕೈ ಎತ್ತಿದೆ, ಒದ್ದೆ ಕೈ ಎಂದುಕೊಂಡು.
ನಾಲ್ಕೇ ಏಟು.
ಆಮೇಲೆ ಬೇರಿನಿಂದ ತನ್ನ ಅಂಗಿ ಬಿಡಿಸಿ ತಂದು
ಅದಕ್ಕೆ ತಗುಲಿಸಿ
ಮತ್ತೆ ಗುಂಡಿಗಿಳಿದ.